ಅಂಥೋರು ಇಲ್ಲಿ ಯಾರೂ ಇಲ್ರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ವರ್ಷದ ಆಷಾಢದಲ್ಲಿ ಯಾರ್‍ಯಾರ ಮೇಲೆ ಕೂಗಾಡಿದೆ ಎಂದು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಮೊದಲು ಕೂಗಬೇಕಾಗಿದ್ದದ್ದು ನನ್ನ ಮೇಲೆ, ಅದೊಂದನ್ನು ಮಾಡಲಿಲ್ಲ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಾನು ಮತ್ತು ನಮ್ಮತ್ತೆ ಬಹಳ ವರ್ಷ ಬಾಡಿಗೆಗಿದ್ದೆವು. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಪಕ್ಕದ ಮನೆಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಒಂಟಿಯಾಗಿದ್ದರು, ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಹತ್ತಿ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಅವರು ಕೌದಿ ಹೊಲಿಯುತ್ತಿದ್ದರು. ಅವರ ಹೊಲಿಗೆ ಇರುವೆ ಸಾಲಿನ ಹಾಗೆ, ಒಂದೂ ಆಚೀಚೆ ಹೋಗುತ್ತಿರಲಿಲ್ಲ. ಓಣಿಯಲ್ಲಿ ಕೂಸು ಹುಟ್ಟಿದರೆ ಸುಮ್ಮನೆ ಒಂದು ಹೊಲಿದು ಕೊಡುತ್ತಿದ್ದರು. ಹಾಗೆ ಕೊಟ್ಟ ಒಂದರ ಫೋಟೊ ತೆಗೆದು, ಮೊಬೈಲಿನಲ್ಲಿ ಸಾಮಾನು ಮಾರುವ ಕಂಪನಿಯೊಂದರ ತಾಣಕ್ಕೆ ಹಾಕಿದವಳು ನಾನು.

ಹಾಕುವ ಮೊದಲು ಜಿಎಸ್‌ಟಿ ನಂಬರ್ ಬೇಕಾಯಿತು. ಲೆಕ್ಕ ಬರೆಯುವ ಒಬ್ಬರ ಹತ್ತಿರ ಹೋದಾಗ ಅವರು, "ಅಕ್ಕಾರೆ, ಅಂಗಡಿ ಇಟ್ಕೊಂಡು ಇಲ್ಲೇ ಮಾರಿದ್ರೆ ಇಷ್ಟು ಸಣ್ಣ ವ್ಯಾಪಾರಕ್ಕೆ ಯಾರೂ ಕೇಳಲ್ಲ. ಆನ್‌ಲೈನ್‌ನಾಗೆ ಹೊರರಾಜ್ಯಕ್ಕೆ ಕಳಿಸ್ತೀರಿ ಅಂದ್ರೆ ಒಂದು ಕೌದಿ ಮಾರಿದ್ರೂ ನಂಬರ್ ಬೇಕೇ ಬೇಕು," ಎಂದರು. ನಂಬರ್ ಬಂತು. ವ್ಯಾಪಾರದ ಸ್ಥಳ ಎಂದು ನಮ್ಮ ಬಾಡಿಗೆ ಮನೆಯ ವಿಳಾಸ ಕೊಟ್ಟೆವು. ಪುಣೆ, ಚೆನ್ನೈ, ಕಲ್ಕತ್ತಾದ ಕೂಸುಗಳೆಲ್ಲ ಖಾಲಾನ ಕೌದಿ ಹೊದ್ದು ಮಲಗತೊಡಗಿದವು. ಮೂರು ಹೆಂಗಸರ ಹೊಟ್ಟೆ ಆ ಒಂದು ನಂಬರಿನ ಮೇಲೆ ನಡೆಯುತ್ತಿತ್ತು.

ಆಷಾಢಕ್ಕೆ ಎರಡು ದಿನ ಇದೆ ಎನ್ನುವಾಗ ಮನೆಯ ಮಾಲೀಕರು ಮನೆ ಮಾರಿದ್ದೇವೆ, ಖಾಲಿ ಮಾಡಿ ಎಂದರು. ಸಿಕ್ಕಿದ್ದು ಹರಿಹರದಲ್ಲಿ, ರೈಲ್ವೆ ಸ್ಟೇಷನ್ ಹಿಂದೆ, ಎರಡು ಕೋಣೆಯ ಮನೆ. ಸಾಮಾನು ಸಾಗಿಸುವಷ್ಟರಲ್ಲಿ ಆಷಾಢ ಹಿಡಿದೇ ಬಿಟ್ಟಿತು. ನಮ್ಮತ್ತೆ ಹೊಸ ಮನೆಯ ಒಲೆಯ ಮೇಲೆ ಹಾಲು ಇಡಲಿಲ್ಲ.

"ಆಷಾಢದಾಗೆ ಹಾಲು ಉಕ್ಸಂಗಿಲ್ಲ," ಎಂದರು. "ಹಾಲು ಉಕ್ಸದ ಮನಿ ನಮ್ಮನಿ ಹೆಂಗಾಗ್ತೈತೆ? ಶ್ರಾವಣದ ತಂಕ ಛತ್ರದಾಗೆ ಇದ್ದೀವಿ ಅನ್ಕೋ. ಈ ಮನಿ ಹೆಸರು ಎಲ್ಲೂ ಬರ್ಸಬ್ಯಾಡ."

ನಾನು ಬಿಕಾಂ ಓದಿದವಳು. ವಿಳಾಸ ಬದಲಾದರೆ ತಿಳಿಸಬೇಕು ಎಂದು ಲೆಕ್ಕದವರು ನಂಬರ್ ಕೊಡಿಸಿದ ದಿನವೇ ಹೇಳಿದ್ದರು. ಆದರೂ ಸುಮ್ಮನಾದೆ. ಯಜಮಾನರನ್ನು ಕಳೆದುಕೊಂಡ ಮನೆಯಲ್ಲಿ ಇಂಥ ಮಾತನ್ನು ಮೀರಲು ಧೈರ್ಯ ಸಾಲದು. ಒಂದು ತಿಂಗಳು ತಾನೇ, ಯಾವ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡೆ. ಪ್ರತಿ ಸೋಮವಾರ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ, ಖಾಲಾಗೆ ಬಟ್ಟೆ ಕೊಟ್ಟು, ಹೊಲಿದಿದ್ದನ್ನು ತರುತ್ತಿದ್ದೆ.

ಹೀಗಿರುವಾಗ ಒಂದು ದಿನ ಲೆಕ್ಕದವರ ಫೋನ್ ಬಂತು. "ಏನ್ ಮಾಡ್ಕೊಂಡೀರಿ ಅಕ್ಕಾರೆ? ನಿಮ್ಮ ನಂಬರ್ ಅಮಾನತ್ತಿನಾಗೆ ಐತೆ. ರದ್ದು ಯಾಕ ಮಾಡಬಾರದು ಅಂತ ನೋಟಿಸ್ ಕೊಟ್ಟಾರೆ. ಏಳು ದಿನದಾಗೆ ಉತ್ತರ ಕೊಡ್ಬೇಕು, ಮೂರು ಆಗ್ಲೇ ಹೋದ್ವು."

ಮೊಬೈಲ್ ತೆಗೆದು ನೋಡಿದರೆ ನಮ್ಮ ಕೌದಿಗಳೆಲ್ಲ ತಾಣದಿಂದ ಮಾಯ. ಅಂಚಿಗೆ ಬೀಡಿಂಗ್ ಪಟ್ಟಿ ಹಾಕಿ ಮುಗಿಸಿದ್ದ ಹನ್ನೊಂದು ಕೌದಿಗಳು ಕೋಣೆಯ ಮೂಲೆಯಲ್ಲಿ ಮಡಚಿಕೊಂಡು ಕೂತಿದ್ದವು. ಅತ್ತೆಗೆ ಬಾಯಿಗೆ ಬಂದಂತೆ ಅಂದೆ. "ಛತ್ರ ಅಂದ್ರಲ್ಲ, ಈಗ ನಿಜವಾಗ್ಲೂ ಛತ್ರಕ್ಕೇ ಹೋಗೋಣ ನಡೀರಿ!" ಅವರು ಗೋಡೆಯ ಕಡೆ ತಿರುಗಿ ಕೂತರು. ಆ ಮುದುಕಿಗೆ ಅಷ್ಟು ಅನ್ನಬಾರದಿತ್ತು.

ಬಸ್ಸು ಹಿಡಿದು ದಾವಣಗೆರೆಗೆ ಹೋದೆ. ಲೆಕ್ಕದವರು ನನ್ನೆದುರೇ ಅಧಿಕಾರಿಗಳ ವರದಿ ಓದಿದರು. ಸ್ಥಳ ಪರಿಶೀಲನೆಗೆ ಹೋದಾಗ ಮನೆಗೆ ಬೀಗ ಹಾಕಿತ್ತು, ಬೋರ್ಡ್ ಇರಲಿಲ್ಲ. ಪಕ್ಕದ ಮನೆಯ ಮಹಿಳೆಯನ್ನು ವಿಚಾರಿಸಲಾಗಿ, ಈ ಹೆಸರಿನವರು ಇಲ್ಲಿ ಎಂದೂ ಇರಲಿಲ್ಲ, ಯಾವ ವ್ಯಾಪಾರವೂ ನಡೆದಿಲ್ಲ ಎಂದು ತಿಳಿಸಿರುತ್ತಾರೆ.

"ಅಡ್ರೆಸ್ ಬದ್ಲಿಸದಿದ್ದುದು ಒಂದು ತಪ್ಪು," ಎಂದರು ಅವರು. "ಆದ್ರೆ ಈ ಸಾಲು ಐತಲ್ಲ, ಇದು ಬಹಳ ಕೆಟ್ಟದ್ದು. ನೀವು ಇರ್ಲೇ ಇಲ್ಲ, ಬೋಗಸ್ ನಂಬರ್ ಅಂದಂಗಾಯ್ತು. ಆಯಮ್ಮನ ಹತ್ರ ಬರ್ಸಿಕೊಂಡು ಬರ್ರಿ, ಹಿಂಗೆ ಹೇಳಿದ್ದು ಸುಳ್ಳು ಅಂತ."

ಎಡಗಡೆ ಪಕ್ಕದ ಮನೆ ಆರು ತಿಂಗಳಿಂದ ಖಾಲಿ. ಉಳಿದದ್ದು ಬಲಗಡೆಯ ಮನೆ. ಅಲ್ಲಿಂದ ನಮ್ಮ ಹಳೆಯ ಓಣಿಗೆ ಹತ್ತು ನಿಮಿಷದ ದಾರಿಯನ್ನು ನಾನು ಓಡಿದೆನೋ ನಡೆದೆನೋ ಗೊತ್ತಿಲ್ಲ. ಬಾಯಲ್ಲಿ ಬೈಗುಳ ತುಂಬಿಕೊಂಡು ಖಾಲಾನ ಹೊಸ್ತಿಲು ತುಳಿದೆ.

"ಬಾ ಬೇಟಿ, ಕೂಡು," ಎಂದು ಅವರು ಸೂಜಿ ಕೆಳಗಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ತಾವೇ ಶುರು ಮಾಡಿದರು. "ನಿಂಗೆ ಹೇಳೋದೇ ಮರ್ತೆ ನೋಡು. ಇಬ್ರು ಗಂಡಸ್ರು ಬಂದಿದ್ರು, ಫೈಲ್ ಹಿಡ್ಕೊಂಡು. ನಿನ್ನ ಪೂರಾ ಹೆಸರು ಹಿಡ್ದು ಕೇಳಿದ್ರು. ಸಾಲ ವಸೂಲಿಯೋರು ಅಂತ ನಂಗೆ ಕೂಡ್ಲೇ ಗೊತ್ತಾಯ್ತು. ಹೋದ ತಿಂಗಳು ಹಿಂದಿನ ಮನಿ ಹುಡುಗಿನ ಹಿಂಗೇ ಕೇಳ್ಕೊಂಡು ಬಂದು ಎಷ್ಟು ಗೋಳು ಹೊಯ್ಕೊಂಡ್ರು! ಅದಕ್ಕೇ ಅಂದೆ, ಅಂಥೋರು ಇಲ್ಲಿ ಯಾರೂ ಇಲ್ರಿ, ಯಾವತ್ತೂ ಇರಲಿಲ್ಲ, ಅಲ್ಲಾ ಕಸಮ್ ಅಂದೆ. ಬರ್ಕೊಂಡು ಹೋದ್ರು. ಇನ್ನ ನಿನ್ನ ತಂಟೆಗೆ ಬರಲ್ಲ ಬಿಡು."

ಅವರ ಮುಖದಲ್ಲಿ ಎಷ್ಟು ಸಮಾಧಾನವಿತ್ತೆಂದರೆ ಬೈಯಲು ಬಂದವಳು ಅವರ ಪಕ್ಕದಲ್ಲೇ ಕೂತೆ. ಒಬ್ಬಂಟಿ ಹೆಂಗಸನ್ನು ಹುಡುಕಿಕೊಂಡು ಫೈಲು ಹಿಡಿದವರು ಬಂದರೆ ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ನಾನೂ ಎರಡು ಸಲ ಬೇರೆಯವರಿಗಾಗಿ ಹಾಗೇ ಹೇಳಿದ್ದೆ. ನಮಾಜು ತಪ್ಪಿಸದ ಹೆಂಗಸು ನನಗಾಗಿ ಸುಳ್ಳು ಆಣೆ ಇಟ್ಟಿದ್ದರು. ಏನೆಂದು ಬೈಯಲಿ?

ಮರುದಿನ ಲೆಕ್ಕದವರು ಟೈಪ್ ಮಾಡಿಸಿದ ಕಾಗದ ತೆಗೆದುಕೊಂಡು ಹೋದೆ, ತೆರಿಗೆ ಕಚೇರಿಗೆ ಬೇಕು ಎಂದಷ್ಟೇ ಹೇಳಿದೆ. ಖಾಲಾಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡುತ್ತಾರೆ ಆದರೆ ಅಕ್ಷರ ಬಾರದು. "ಓದಿ ಹೇಳು," ಎಂದರು. ಓದಿದೆ. ಇವರು ಇಷ್ಟು ವರ್ಷ ನನ್ನ ಪಕ್ಕದ ಮನೆಯಲ್ಲಿದ್ದರು, ಕೌದಿ ವ್ಯಾಪಾರ ನಡೆಯುತ್ತಿತ್ತು, ಇದು ಸತ್ಯ. ನಡುವೆ ಒಂದು ಸಾಲಿತ್ತು: ಅಧಿಕಾರಿಗಳ ಮುಂದೆ ನಾನು ಕೊಟ್ಟ ಹೇಳಿಕೆ ಸುಳ್ಳು, ಅದರಿಂದಾಗಿ ಇವರ ನೋಂದಣಿಗೆ ತೊಂದರೆಯಾಗಿದೆ. ಆ ಸಾಲನ್ನು ಹಾರಿಸಿ ಓದಿದೆ. ಅವರು ಬಿಸ್ಮಿಲ್ಲಾ ಎಂದು ಸಹಿ ಹಾಕಿದರು. "ಇಷ್ಟಕ್ಕೇ ಯಾಕ ಮುಖ ಸಣ್ಣ ಮಾಡ್ಕೊಂಡೀ?" ಎಂದು ನನ್ನ ಗಲ್ಲ ತಟ್ಟಿದರು.

ಕೊನೆಯ ದಿನ ಉತ್ತರ ಸಲ್ಲಿಸಿದೆವು. ಆ ಮಹಿಳೆಯನ್ನೂ ಕರೆದುಕೊಂಡು ಬನ್ನಿ ಎಂದು ಕಚೇರಿಯಿಂದ ಹೇಳಿಕಳಿಸಿದರು. ಖಾಲಾ ಇಸ್ತ್ರಿ ಮಾಡಿದ ಬುರ್ಖಾ ಹಾಕಿಕೊಂಡು, ಮೇಜಿನ ಮುಂದೆ ಹಾಸಿ ತೋರಿಸಲು ಒಂದು ಕೌದಿಯನ್ನೂ ಹಿಡಿದುಕೊಂಡು ಬಂದರು. ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ತರಿಸಿದರು. ಆಮೇಲೆ ಕಾಗದ ಎತ್ತಿಕೊಂಡು, ಸಹಿ ನಿಮ್ಮದೇ ತಾನೇ ಎಂದು ಕೇಳಿ, ಮೊದಲಿನಿಂದ ಜೋರಾಗಿ ಓದತೊಡಗಿದರು. ನಾನು ಹಾರಿಸಿದ ಸಾಲನ್ನೂ ಓದಿದರು.

ಖಾಲಾ ನನ್ನ ಕಡೆ ತಿರುಗಿ ನೋಡಿದರು. ಆ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ. ಆಮೇಲೆ ಎದ್ದು ನಿಂತು ಮೇಜು ಹಿಡಿದುಕೊಂಡರು.

"ಸಾಹೇಬ್ರೆ, ಸುಳ್ಳು ಹೇಳ್ದೋಳು ನಾನು. ಈ ಹುಡುಗಿ ಅಲ್ಲ. ರದ್ದು ಮಾಡೋದಿದ್ರೆ ನಂದು ಮಾಡ್ರಿ."

"ಅಮ್ಮಾರೆ, ನಿಮ್ದು ರದ್ದು ಮಾಡಕ್ಕೆ ಏನೈತೆ?" ಎಂದರು ಅಧಿಕಾರಿ, ಮೆತ್ತಗೆ. ಖಾಲಾ ಯೋಚಿಸಿದರು, ನಿಜವಾಗಿಯೂ ಯೋಚಿಸಿದರು. ಕೊಡಲು ಏನೂ ಹೊಳೆಯದೆ ಕೂತುಬಿಟ್ಟರು.

ಅದಾದ ಆರನೇ ದಿನ ಆದೇಶ ಬಂತು. ನಂಬರ್ ರದ್ದು. ಲೆಕ್ಕದವರು ವಾಪಸ್ ಕೊಡಿ ಎಂದು ಅರ್ಜಿ ಹಾಕಿದ್ದಾರೆ, ಅದು ಇನ್ನೂ ಅಲ್ಲೇ ಕೂತಿದೆ. ಅಷ್ಟರಲ್ಲಿ ಕಂಪನಿಯವರು ನಮ್ಮ ಖಾತೆಯನ್ನೇ ಮುಚ್ಚಿದರು. ಕೂಸುಗಳ ತಾಯಂದಿರು ಬರೆದಿದ್ದ ಒಳ್ಳೆ ಮಾತುಗಳೂ ಅದರ ಜೊತೆಗೇ ಹೋದವು. ನಾನು ಹರಿಹರದಲ್ಲಿ ಒಂದು ಬಟ್ಟೆ ಅಂಗಡಿಗೆ ಸೇರಿದೆ. ಖಾಲಾ ಈ ವಯಸ್ಸಿನಲ್ಲಿ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ಪೊಟ್ಟಣ ಕಟ್ಟಲು ಹೋಗುತ್ತಾರೆ, ದಿನವಿಡೀ ನಿಂತುಕೊಂಡೇ.

ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದೆ. ಪಕ್ಕದ ಮನೆಯವರ ಮೊದಲ ಹೇಳಿಕೆಯನ್ನು ಕೈಬಿಡಲಾಗಿದೆ, ವಿಳಾಸ ಬದಲಾವಣೆಯನ್ನು ತಿಳಿಸದ ಕಾರಣಕ್ಕೆ ರದ್ದು ಮಾಡಲಾಗಿದೆ. ಅಂದರೆ ಪೂರ್ತಿ ತಪ್ಪು ನನ್ನದೇ. ಆ ಕಾಗದ ಹಿಡಿದುಕೊಂಡು ಖಾಲಾನ ಮನೆಗೆ ಓಡಿದೆ. ಅಷ್ಟು ಕೆಟ್ಟ ಸುದ್ದಿಯನ್ನು ಅಷ್ಟು ಆಸೆಯಿಂದ ನಾನು ಯಾವತ್ತೂ ಹೊತ್ತೊಯ್ದಿರಲಿಲ್ಲ. ಎದುರು ಕೂತು ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ, ಬೆರಳಿಟ್ಟು, ಎರಡು ಸಲ ಓದಿದೆ. "ನಿಮ್ಮಿಂದ ಅಲ್ಲ ಖಾಲಾ, ನನ್ನಿಂದ. ಇಲ್ಲಿ ನೋಡ್ರಿ, ಬರ್ದಾರೆ."

ಅವರು ಪೂರ್ತಿ ಕೇಳಿಸಿಕೊಂಡರು. ಕಾಗದವನ್ನು ನನ್ನ ಕೈಯಿಂದ ತೆಗೆದು, ಮಡಚಿ, ಮತ್ತೆ ನನ್ನ ಕೈಗೇ ಇಟ್ಟರು.

"ಆವತ್ತೂ ನನ್ನ ಸಾಲು ಬಿಟ್ಟು ಓದಿದ್ದೀ ಬೇಟಿ," ಎಂದರು. "ಇವತ್ತೂ ಬಿಟ್ಟೀ."