ಬಟ್ಟೆಯಲ್ಲಿ ಹೊಳೆದದ್ದು

ಇಲ್ಲ... ನಂಬಲು ಆಗುತ್ತಿಲ್ಲ...
ಬೆಳಿಗ್ಗೆ ಆವನಿ ಊರಿನಿಂದ ಫೋನ್ ಬಂತು.
ನನ್ನ ಗೆಳೆಯ ವೆಂಕಟರಮಣ ಹೋಗಿಬಿಟ್ಟನಂತೆ.

ಹೇಳುತ್ತಿರುವವನು ನಾನು, ಬಾಷಾ... ಟೈಪ್ ಮಾಡುತ್ತಿರುವುದು ಮೊಮ್ಮಗಳು.

ಇದನ್ನು ಓದುವ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ...
ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಅವನು ಪೈಲಟ್, ನಾನು ಮೆಕ್ಯಾನಿಕ್.
ಮಾಲೂರಿನ ಸಾಹುಕಾರರೊಬ್ಬರು ಕೊಂಡಿದ್ದ, ಎರಡೇ ಸೀಟಿನ ಹಳೆಯ ವಿಮಾನ.
ಇಂಜಿನ್ ಬಿಚ್ಚಿ ಓವರ್‌ಹಾಲ್ ಮಾಡಬೇಕಾದ ಗಡುವು ಎಂದೋ ದಾಟಿತ್ತು. ಬಿಡಿಭಾಗ ಸಿಗುತ್ತಿರಲಿಲ್ಲ.
"ಓಡ್ತಿರೋದನ್ನ ಯಾಕಯ್ಯಾ ಬಿಚ್ತೀರ?" ಎನ್ನುತ್ತಿದ್ದರು ಸಾಹುಕಾರರು.

ನಮಗಿದ್ದದ್ದು ಒಂದೇ ಉಪಾಯ... ಇಂಜಿನ್ ಆಯಿಲನ್ನು ಬಿಳಿ ಪಂಚೆಯ ತುಂಡಿನಲ್ಲಿ ಸೋಸುವುದು.
ಲೋಹದ ಪುಡಿ ಹೊಳೆದರೆ ಒಳಗೆ ಏನೋ ಸವೆಯುತ್ತಿದೆ ಎಂದರ್ಥ.
ಚಿನ್ನದ ಗಣಿಯ ಸೀಮೆಯವರು ನಾವು... ಹೊಳೆದರೆ ಹಿಗ್ಗುವ ಜನ. ನಾವಿಬ್ಬರು ಮಾತ್ರ ಹೊಳಪು ಕಂಡರೆ ಹೆದರಿ ಸಾಯುತ್ತಿದ್ದೆವು.

ಇನ್ನೊಂದು ಪದ್ಧತಿ ಇತ್ತು... ಸೋಸಿದವನೇ ಜೊತೆಗೆ ಹಾರಬೇಕು.

ವೆಂಕಟಾ, ನೆನಪಿದೆಯೇನೋ ಆ ದಿನ...
ಹೊರಡುವ ಮೊದಲು ಸೋಸಿದಾಗ ಬಟ್ಟೆ ಶುಭ್ರವಾಗಿತ್ತು. ಆದರೂ ವಕ್ಕಲೇರಿ ಊರಿನ ಮೇಲೆ ಬರುವಾಗ ಇಂಜಿನ್ ಸದ್ದು ಬದಲಾಯಿತು...
ನಾನು ಮುಂದಕ್ಕೆ ಬಾಗಿ ಕಿವಿಗೊಟ್ಟೆ.
ನೀನು ತಿರುಗಿ ಕೂಗಿದೆ. "ಏನ್ಲಾ ಬಾಷಾ, ಭಯಾನಾ?"
"ಹೂಂ ಕಣೋ."
"ನಂಗೂ."

ಬೇರೆಯವನಾಗಿದ್ದರೆ ಬೆಂಗಳೂರಿನವರೆಗೂ ಎಳೆಯುತ್ತಿದ್ದ.
ನೀನು ರಾಗಿ ಕೊಯ್ದ ಹೊಲವೊಂದರಲ್ಲಿ ಇಳಿಸಿಬಿಟ್ಟೆ...
ಅಲ್ಲೇ ನಾನು ಆಯಿಲ್ ಸೋಸಿದೆ. ಬಟ್ಟೆ ತುಂಬ ಹೊಳಪು.
ಹೊಲದ ಯಜಮಾನ ಓಡಿ ಬಂದು ಬಗ್ಗಿ ನೋಡಿದ.
"ಬಂಗಾರಮಾ ಸಾಮೀ?"
ಅವನ ಮುಖ ಅರಳಿತ್ತು. ನಮ್ಮಿಬ್ಬರಿಗೂ ನಗು ಬಂತು... ಆಮೇಲೆ ಅಲ್ಲೇ ಕೂತುಬಿಟ್ಟೆವು.

ಅಂದಿನಿಂದ ನಾವು ಒಬ್ಬರ ಆರೋಗ್ಯ ಒಬ್ಬರು ವಿಚಾರಿಸುತ್ತಿದ್ದದ್ದೇ ಹೀಗೆ...
"ಬಟ್ಟೇಲಿ ಏನಾದ್ರೂ ಹೊಳೀತಾ?"
"ಇಲ್ಲ ಕಣೋ" ಎನ್ನುತ್ತಿದ್ದೆ ನೀನು. ಜ್ವರ ಬಂದಿದ್ದರೂ ಅಷ್ಟೇ, ಬಿದ್ದು ಸೊಂಟ ಮುರಿದುಕೊಂಡಾಗಲೂ ಅಷ್ಟೇ.
ಮೊನ್ನೆ ಫೋನಿನಲ್ಲಿ ಕೇಳಿದಾಗ ಮಾತ್ರ...
"ಹೊಳೀತಾ ಐತೆ ಬಾಷಾ" ಎಂದೆ.
ನನಗೆ ಆಗಲೇ ಅರ್ಥವಾಗಿತ್ತು.

ಈಗ ಮುಳಬಾಗಿಲಿನಲ್ಲಿ ಕೂತು ನನ್ನ ಎದೆಯ ಸದ್ದನ್ನು ನಾನೇ ಕೇಳುತ್ತಿದ್ದೇನೆ... ಒಂದೊಂದು ಸಲ ಬದಲಾದಂತೆ ಅನ್ನಿಸುತ್ತದೆ.
ಭಯವಾಗುತ್ತಿದೆ ಕಣೋ.
"ನಂಗೂ" ಅನ್ನಲು ನೀನಿಲ್ಲ...

ಮೆಲ್ಲಗೆ ಇಳಿ ಗೆಳೆಯಾ.
ಮೇಲಿರುವವನು ನಿನ್ನ ಜೀವಕ್ಕೆ ನೆಮ್ಮದಿ ಕೊಡಲಿ...