ಹನ್ನೊಂದು ಮುಖಗಳ ಹಾಡು

ಶಿರಾ ಗೇಟ್ ಹತ್ತಿರ ಸಣ್ಣ ಸ್ಟುಡಿಯೋ ಇಟ್ಟಿದ್ದವರೊಬ್ಬರು ಹಾಡು ರೆಕಾರ್ಡ್ ಮಾಡಿ, ಮೊಬೈಲಿನ ಮ್ಯೂಸಿಕ್ ಆ್ಯಪ್‌ಗಳಿಗೆ ಸೇರಿಸಿಕೊಡುತ್ತಿದ್ದರು. ಯಾರು ಅವಸರಪಡಿಸಿದರೂ ಕನ್ನಡಕ ತೆಗೆದು ಒರೆಸುತ್ತಾ, "ದೋಸೆ ಹಿಟ್ಟಿಗೆ ಒಂದ್ ರಾತ್ರಿ, ಹಾಡಿಗೆ ಮೂರ್ ವಾರ, ಕಾಯ್ಬೇಕು ಕಣಣ್ಣ" ಎನ್ನುತ್ತಿದ್ದರು.

ಶೆಟ್ಟಿಹಳ್ಳಿಯ ನಮ್ಮ ಭಜನಾ ಮಂಡಳಿಯ ಹಾಡು ಶಿವರಾತ್ರಿಗೆ ಬರಲೇಬೇಕಿತ್ತು. ನಾವು ಹೋದದ್ದು ಹಬ್ಬಕ್ಕೆ ಒಂಬತ್ತೇ ದಿನ ಉಳಿದಿದ್ದಾಗ. ಅಂದೇ ಹಾಡಿ ರೆಕಾರ್ಡ್ ಮಾಡಿಸಿದೆವು. ಆ್ಯಪ್‌ನಲ್ಲಿ ಹಾಡಿನ ಜೊತೆ ಕಾಣುವ ಮುಖಚಿತ್ರವೆಂದು ನಮ್ಮ ಅಧ್ಯಕ್ಷರು ಕೊಟ್ಟದ್ದರಲ್ಲಿ ಹನ್ನೊಂದು ಮಂದಿಯ ಫೋಟೊ, ಕೆಳಗೆ ಎಲ್ಲರ ಫೋನ್ ನಂಬರು.

"ನಂಬರ್ ಕಂಡ್ರೆ ಆ್ಯಪ್‌ನೋರು ವಾಪಸ್ ಕಳಿಸ್ತಾರೆ ಕಣಣ್ಣ. ತಿದ್ದಿ ಕಳ್ಸೋಷ್ಟ್ರಲ್ಲಿ ಹಬ್ಬ ಮುಗ್ದಿರುತ್ತೆ. ನಂಬರ್ ತೆಗೆದ್ರೂ ಹನ್ನೊಂದ್ ಮುಖ ಅಷ್ಟ್ ಚಿಕ್ಕದ್ರಲ್ಲಿ ಕಾಣಲ್ಲ, ಬೇರೆ ಚಿತ್ರ ಹಾಕೋಣ."

"ಮುಖಾನೇ ಇಲ್ದಿದ್ರೆ ಯಾರ್ ಹಾಡಿದ್ದು ಅಂತ ಹೆಂಗಪ್ಪ ಗೊತ್ತಾಗೋದು?" ಅಧ್ಯಕ್ಷರು ಮುನಿಸಿಕೊಂಡರು.

ಸ್ಟುಡಿಯೋದವರು ಮುಖಚಿತ್ರಕ್ಕೆ ಒಂದು ಬಿಲ್ವಪತ್ರೆಯ ಚಿತ್ರ ಹಾಕಿ ಹಾಡನ್ನು ಆಗಲೇ ಕಳಿಸಿದರು. ನಮ್ಮ ಮುಖಗಳನ್ನೆಲ್ಲ ಫ್ಲೆಕ್ಸ್ ಮಾಡಿಸಿ ಸ್ಟುಡಿಯೋ ಬಾಗಿಲ ಮೇಲೆ ಕಟ್ಟಿಸುವುದಾಗಿ ಮಾತು ಕೊಟ್ಟರು.

ಆ್ಯಪ್‌ನವರು ಒಂದೇ ಸಲಕ್ಕೆ ಒಪ್ಪಿದ್ದರಿಂದ ಮೂರು ವಾರ ಹಿಡಿಯದೆ, ಶಿವರಾತ್ರಿಯ ಬೆಳಿಗ್ಗೆ ಹಾಡು ಬಂದೇಬಂತು. ಅಧ್ಯಕ್ಷರು ಅದನ್ನು ಕೇಳುವುದಕ್ಕೂ ಮೊದಲು ಫ್ಲೆಕ್ಸ್ ಮುಂದೆ ಫೋಟೊ ತೆಗೆಸಿಕೊಳ್ಳಲು ಹೊರಟರು. ಜೊತೆಗೆ ಹೋದ ನಾನು ಎಣಿಸಿ ನೋಡಿದೆ: ಮುಖಗಳು ಹನ್ನೆರಡಿದ್ದವು. ಮೂಲೆಯಲ್ಲಿದ್ದ ಹನ್ನೆರಡನೆಯವರು ಕನ್ನಡಕ ಒರೆಸುತ್ತಿದ್ದರು.