ಗ್ಲ್ಯಾಮ್ ಮೆಟಲ್ ಕೂದಲು, ಮುನೇಶ್ವರನ ಹರಕೆ

ನಾನೆಂಥ ಪುಕ್ಕಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಗಿಲಿಗೆ ಬೀಗ ಹಾಕಿ, ಬೀದಿಯ ಕೊನೆ ಮುಟ್ಟಿದ ಮೇಲೆ ವಾಪಸು ಬಂದು ಬೀಗ ಜಗ್ಗಿ ನೋಡುವ ಪೈಕಿ ನಾನು. ಬಸ್ಸಿನಲ್ಲಿ ಟಿಕೆಟ್ಟನ್ನು ಜೇಬಿಗಿಟ್ಟರೆ ಕಳೆದುಹೋದೀತೆಂದು ಕೈಯಲ್ಲೇ ಹಿಡಿದಿರುತ್ತೇನೆ. ಅಂಗೈ ಬೆವರಿಗೆ ಅದರ ಅಕ್ಷರವೆಲ್ಲ ಅಳಿಸಿಹೋಗುತ್ತದೆ. ಈಗ ಚೆಕಿಂಗ್‌ನವರು ಹತ್ತಿದರೆ ಏನು ಗತಿ ಎಂದು ಇನ್ನೊಂದು ಸುತ್ತು ಬೆವರುತ್ತೇನೆ. ಇಂಥವನು ಭಾವಗೀತೆಯನ್ನೋ ಭಜನೆಯನ್ನೋ ಮೆಚ್ಚಿಕೊಂಡು ತೆಪ್ಪಗಿರಬೇಕಿತ್ತು. ಹಾಗಾಗಲಿಲ್ಲ. ನನ್ನ ಮನಸ್ಸು ಹೋಗಿ ಬಿದ್ದದ್ದು ಗ್ಲ್ಯಾಮ್ ಮೆಟಲ್ ಎಂಬ ಸಂಗೀತದ ಮೇಲೆ, ಮತ್ತೆ ಅಲ್ಲಿಂದ ಎದ್ದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಬತ್ತರ ದಶಕದಲ್ಲಿ ಅಮೆರಿಕದ ಕಡೆಯಿಂದ ಕ್ಯಾಸೆಟ್ಟುಗಳಲ್ಲಿ ಬಂದ ಅಬ್ಬರ ಅದು. ಹಾಡುವವರು ಗಂಡಸರೇ. ಆದರೆ ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ, ಮೈಗಂಟಿದ ಮಿಂಚುವ ಪ್ಯಾಂಟು. ಹೆಗಲ ಮೇಲೆಲ್ಲ ಹರಡಿ ಆಕಾಶಕ್ಕೂ ಎದ್ದು ನಿಂತ ಕೂದಲು. ಗಿಟಾರು ಕಿರುಚುತ್ತದೆ, ಹಾಡುವವನು ಅದಕ್ಕಿಂತ ಮೇಲಿನ ಸ್ವರದಲ್ಲಿ ಕಿರುಚುತ್ತಾನೆ. ಕ್ಯಾಸೆಟ್ಟಿನ ನಡುವೆ ಎಲ್ಲೋ ಒಂದು ಕಡೆ ಎಲ್ಲರೂ ಇದ್ದಕ್ಕಿದ್ದಂತೆ ಮೆತ್ತಗಾಗಿ, ಬಿಟ್ಟುಹೋದ ಹುಡುಗಿಗಾಗಿ ಅಳುತ್ತಾರೆ. ಶಾಸ್ತ್ರೀಯ ಸಂಗೀತ ಬಲ್ಲವರಿಗೆ ಇದು ಗಲಾಟೆ. ಗಲಾಟೆಯನ್ನೇ ಬಲ್ಲ ಇತರ ಮೆಟಲ್‌ನವರಿಗೆ ಇದು ಬ್ಯೂಟಿ ಪಾರ್ಲರ್. ಹೀಗೆ ಎರಡೂ ಕಡೆಯಿಂದ ಬೈಸಿಕೊಳ್ಳುವ ಸಂಗೀತವನ್ನು ಪುಕ್ಕಲನೊಬ್ಬ ಮೆಚ್ಚಿಕೊಂಡರೆ ಅವನ ಪಾಡು ನೀವೇ ಊಹಿಸಿ.

ಆಗ ನಾನು ತಮಿಳುನಾಡಿನ ಗಡಿಯ ಹೊಸೂರಿನ ಕಾರ್ಖಾನೆಯೊಂದರಲ್ಲಿ ಟ್ರೈನಿ. ಮೆಷಿನ್‌ಗಳು ಉಗುಳಿದ ಸಣ್ಣ ಸಣ್ಣ ಬಿಡಿಭಾಗಗಳನ್ನು ಅಳೆದು, ಸರಿಯಾದವನ್ನು ಒಂದು ಟ್ರೇಗೆ, ತಪ್ಪಿದ್ದನ್ನು ಇನ್ನೊಂದಕ್ಕೆ ಹಾಕುವುದು ನನ್ನ ಕೆಲಸ. ಅನುಮಾನದ ಪ್ರಾಣಿಗೆ ಹೇಳಿ ಮಾಡಿಸಿದ ಉದ್ಯೋಗ. ಬೆಂಗಳೂರಿನಿಂದ ಕಂಪೆನಿ ಬಸ್ಸಿನಲ್ಲಿ ಬರುತ್ತಿದ್ದ ಗೆಳೆಯನೊಬ್ಬ ಒಂದು ದಿನ ಕ್ಯಾಂಟೀನಿನಲ್ಲಿ ಕ್ಯಾಸೆಟ್ಟು ಕೊಟ್ಟು, "ಕೇಳು, ತಲೆ ಕೆಡುತ್ತೆ" ಎಂದ. ಕೆಟ್ಟಿತು. ಊರಂಚಿನ ಆಲಸನತ್ತಂನ ನಮ್ಮ ಮನೆಯ ನಡುಕೋಣೆಯಲ್ಲಿ ಅದು ಮೊದಲ ಸಲ ಮೊಳಗಿದಾಗ ನನಗೆ ಆದದ್ದನ್ನು ಸರಳವಾಗಿ ಹೇಳುತ್ತೇನೆ: ಆ ಹಾಡು ಮುಗಿಯುವವರೆಗೂ ನನಗೆ ಹೆದರಿಕೆಯಾಗಲಿಲ್ಲ. ಬೀಗ, ಟಿಕೆಟ್ಟು, ಸೂಪರ್‌ವೈಸರು ಯಾವುದೂ ನೆನಪಾಗಲಿಲ್ಲ. ಅಂಥದ್ದು ನನ್ನ ಜೀವನದಲ್ಲಿ ಹಿಂದೆಂದೂ ಆಗಿರಲಿಲ್ಲ, ಹಾಗಾಗಿ ಕ್ಯಾಸೆಟ್ಟು ತಿರುಗಿಸಿ ಇನ್ನೊಂದು ಬದಿಯನ್ನೂ ಹಾಕಿದೆ.

ಅಪ್ಪ ಮೇಷ್ಟ್ರು. ಕನ್ನಡಕ ಏರಿಸಿಕೊಂಡು ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿ, "ಹೆಣ್ಮಕ್ಳು ಲಕ್ಷಣವಾಗವ್ರೆ, ಆದ್ರೆ ಒಬ್ಳಿಗೆ ಗಡ್ಡ ಬಂದೈತಲ್ಲೋ" ಎಂದರು. ಅಜ್ಜಿ ಇದ್ದಿದ್ದರೆ ಅಷ್ಟೂ ಆಶ್ಚರ್ಯಪಡುತ್ತಿರಲಿಲ್ಲ. ನಮ್ಮ ಕಡೆ ತೆರುಕೂತ್ತು ಎಂದು ಬೀದಿಯಲ್ಲೇ ಆಡುವ ಆಟವಿದೆ. ಕೃಷ್ಣಗಿರಿ ಕಡೆಯಿಂದ ಬರುವ ಮೇಳದ ಗಂಡಸರು ಮುಖಕ್ಕೆ ಬಣ್ಣ ಬಳಿದು, ಭುಜಕ್ಕೆ ಕನ್ನಡಿ ಚೂರಿನ ಆಭರಣ ಕಟ್ಟಿ, ಬೆಳಗಿನವರೆಗೆ ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಅದನ್ನು ನೋಡಿ ಯಾರೂ ಇವರೇಕೆ ಕಾಡಿಗೆ ಹಚ್ಚಿದ್ದಾರೆ ಎಂದು ಕೇಳುವುದಿಲ್ಲ. ಜೋರಾಗಿ ಹಾಡಬೇಕಾದ ಗಂಡಸು ಮೊದಲು ಮುಖಕ್ಕೆ ಬಣ್ಣ ಹಚ್ಚಬೇಕೆಂಬುದು ಅಮೆರಿಕದವರಿಗೆ ಗೊತ್ತಾಗುವ ಮುಂಚೆಯೇ ನಮ್ಮ ಸೀಮೆಯ ಹಳ್ಳಿಗಳಿಗೆ ಗೊತ್ತಿತ್ತು. ಈ ಸಂಶೋಧನೆಯನ್ನು ಅಪ್ಪನ ಮುಂದಿಟ್ಟೆ. ಅವರು ಪೇಪರ್ ಓದತೊಡಗಿದರು.

ಬಣ್ಣ ಹಚ್ಚಿಕೊಳ್ಳುವ ಧೈರ್ಯ ನನಗಿರಲಿಲ್ಲ. ಮಿಂಚುವ ಪ್ಯಾಂಟು ಹೊಸೂರಿನ ಯಾವ ಟೈಲರಿಗೂ ಹೇಳುವ ಮಾತಾಗಿರಲಿಲ್ಲ. ಉಳಿದದ್ದು ಕೂದಲು. ಅದಕ್ಕೆ ಏನೂ ಮಾಡಬೇಕಾಗಿಲ್ಲ, ಕ್ಷೌರದಂಗಡಿಗೆ ಹೋಗದಿದ್ದರೆ ಸಾಕು. ಪುಕ್ಕಲನ ಬಂಡಾಯ ಯಾವಾಗಲೂ ಇಂಥದ್ದೇ, ಏನನ್ನೋ ಮಾಡದೆ ಇರುವುದು.

ಕೂದಲು ಕಿವಿ ಮುಚ್ಚಿತು, ಕಾಲರ್ ದಾಟಿತು. ಅಮ್ಮನಿಗೆ ಮುಜುಗರ ಶುರುವಾಯಿತು. ಕಸ ಗುಡಿಸುವಾಗ, ತರಕಾರಿಯವನ ಹತ್ತಿರ ನಿಂತಾಗ, ಅಕ್ಕಪಕ್ಕದವರ ಕಣ್ಣು ನನ್ನ ತಲೆಯ ಮೇಲೆ ಬೀಳುವುದನ್ನು ಅವಳು ನೋಡುತ್ತಿದ್ದಳು. ಕೊನೆಗೆ ಒಂದು ಬೆಳಗ್ಗೆ ಪಕ್ಕದ ಮನೆಯ ಸೆಲ್ವಿ ಅಕ್ಕ ಕಾಂಪೌಂಡಿನ ಮೇಲಿಂದ ಕೇಳಿಯೇಬಿಟ್ಟರು. ಅವರ ಮನೆಮಾತು ತಮಿಳು, ನಮ್ಮೊಡನೆ ಎರಡನ್ನೂ ಕಲಸಿ ಆಡುತ್ತಿದ್ದರು.

"ಏನಕ್ಕಾ, ತಂಬಿ ಮುಡಿ ಬಿಟ್ಟವ್ನೆ? ವೇಂಡುದಲಾ? ಯಾವ ಸಾಮಿಗೆ?"

ವೇಂಡುದಲ್ ಎಂದರೆ ಹರಕೆ. ನಮ್ಮ ಸೀಮೆಯಲ್ಲಿ ಗಂಡಸು ಕೂದಲು ಬಿಟ್ಟರೆ ಅದಕ್ಕೆ ಇರುವ ಮರ್ಯಾದೆಯ ಕಾರಣ ಅದೊಂದೇ. ಬಿಟ್ಟ ಮುಡಿಯನ್ನು ದೇವರ ಮುಂದೆ ಬೋಳಿಸಿ ಕೊಡುವವರೆಗೂ ಯಾರೂ ಅದರ ತಂಟೆಗೆ ಬರುವ ಹಾಗಿಲ್ಲ. ಅಮ್ಮ ಆ ಮಾತನ್ನು ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿದಂತೆ ಹಿಡಿದಳು.

"ಊಂ ಕಣ್ ಸೆಲ್ವಿ, ನಮ್ಮನೆ ದ್ಯಾವ್ರು ಮುನೇಸ್ವರಂಗೆ. ಇವ್ನ ಕೆಲ್ಸ ಪರ್ಮನೆಂಟ್ ಆಗ್ಲಿ ಅಂತ."

ಒಳಗಿದ್ದ ನನಗೆ ಎದೆ ಧಸಕ್ಕೆಂದಿತು. ಆದರೆ ಏನು ಹೇಳಲಿ, ಆ ಸುಳ್ಳಿನ ಮಹಿಮೆ ದೊಡ್ಡದು. ಮರುದಿನದಿಂದ ಬೀದಿಯವರ ನೋಟವೇ ಬದಲಾಯಿತು. ಕಾರ್ಖಾನೆಗೂ ಸುದ್ದಿ ಮುಟ್ಟಿತು. ಸೇಲಂ ಕಡೆಯ ನಮ್ಮ ಸೂಪರ್‌ವೈಸರು ಕೂದಲು ಕತ್ತರಿಸದಿದ್ದರೆ ಒಳಗೆ ಬಿಡುವುದಿಲ್ಲ ಎನ್ನುತ್ತಿದ್ದವರು, "ವೇಂಡುದಲ್ ಅಂದ್ರೆ ಬೇರೆ ಮಾತಪ್ಪ. ಟೋಪಿ ಹಾಕ್ಕೊ, ಮೆಷಿನ್ ಹತ್ರ ಮಾತ್ರ ಹೋಗ್ಬೇಡ" ಎಂದು ಮೆತ್ತಗಾದರು. ಬಸ್ಸಿನಲ್ಲಿ ಮುದುಕಿಯೊಬ್ಬಳು ನನಗೆ ಜಾಗ ಬಿಟ್ಟುಕೊಟ್ಟಳು. ಗ್ಲ್ಯಾಮ್ ಮೆಟಲ್ ಅಭಿಮಾನಿಗೆ ಇಷ್ಟು ಗೌರವ ಅದು ಹುಟ್ಟಿದ ದೇಶದಲ್ಲೂ ಸಿಕ್ಕಿರಲಾರದು. ನಾನು ಹಗಲು ಭಕ್ತನಂತೆ ಓಡಾಡಿ, ಸಂಜೆ ಮನೆಗೆ ಬಂದು ಕೂದಲು ಬಿಚ್ಚಿ ಕುಣಿಯುತ್ತಿದ್ದೆ.

ಹೀಗೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಕೆಲಸ ಪರ್ಮನೆಂಟ್ ಆಗಿಹೋಯಿತು.

ನನ್ನ ಜೊತೆಗಾರರು ಇನ್ನೂ ಕಾಯುತ್ತಿದ್ದರು, ನನಗೆ ಮಾತ್ರ ಆರ್ಡರ್ ಬಂತು. ಸಂಭ್ರಮದಿಂದ ಸೈಕಲ್ ತುಳಿದು ಮನೆಗೆ ಬಂದು ಹೇಳಿದರೆ ಅಮ್ಮ ಸೌಟು ಹಿಡಿದವಳು ಹಿಡಿದಂತೆಯೇ ನಿಂತಳು.

"ಅಯ್ಯೋ, ಕೊಟ್ಬುಟ್ನಲ್ಲೋ!" ಎಂದಳು.

"ಯಾರಮ್ಮ?"

"ಇನ್ಯಾರ್ಲಾ, ಮುನೇಸ್ವರ! ನಾನು ಸುಳ್ಳಿಗೆ ಅಂದಿದ್ದು ಕಣ್ಲಾ. ಅವ್ನು ನಿಜ ಅನ್ಕೊಂಡು ಕೊಟ್ಬುಟ್ಟ!"

ಕೇಳದೆ ಇದ್ದದ್ದನ್ನು ಕೊಟ್ಟುಬಿಟ್ಟ ದೇವರನ್ನು ಏನು ಮಾಡುವುದು? ದೇವರು ಸುಮ್ಮನಿದ್ದರೆ ಸುಳ್ಳು ಬರಿಯ ಸುಳ್ಳಾಗಿ ಉಳಿಯುತ್ತಿತ್ತು. ಈಗ ಅವನು ತನ್ನ ಪಾಲಿನದನ್ನು ಮುಗಿಸಿ ಕೈಕಟ್ಟಿ ಕೂತಿದ್ದ. ಇನ್ನು ಕೊಡಬೇಕಾದವನು ನಾನು. ಮಹಾ ಬುದ್ಧಿವಂತನಂತೆ ಅಮ್ಮನಿಗೆ ವಾದ ಹೇಳಿದೆ: ಹರಕೆ ಎಂದರೆ ದೇವರ ಮುಂದೆ ಸಂಕಲ್ಪ ಮಾಡಿದ್ದು, ಕಾಂಪೌಂಡಿನ ಮೇಲೆ ಸೆಲ್ವಿ ಅಕ್ಕನಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಅಮ್ಮ, "ಅವ್ನ ಹೆಸ್ರು ಎತ್ತಿದ್ನೋ ಇಲ್ವೋ?" ಎಂದಳು. ಎತ್ತಿದ್ದಳು.

ಆಮೇಲಿನ ದಿನಗಳು ಕಷ್ಟದವು. ಹಾಲು ಉಕ್ಕಿದರೆ ಅಮ್ಮ ನನ್ನ ಕೂದಲು ನೋಡುವಳು. ಸೈಕಲ್ ಪಂಕ್ಚರಾದರೆ ನೋಡುವಳು. ಅಪ್ಪನಿಗೆ ಶೀತವಾಗಿ ಸೀನಿದಾಗ ಇಬ್ಬರೂ ಒಟ್ಟಿಗೆ ನೋಡಿದರು. ನಾನು ದಿನ ತಳ್ಳಿದೆ. ಓವರ್‌ಟೈಮ್ ಅಂದೆ, ಆಷಾಢ ಅಂದೆ, ಅಂಚೆಟ್ಟಿ ಕಡೆ ಬಸ್ಸು ಸರಿಯಿಲ್ಲ ಅಂದೆ. ಮುನೇಶ್ವರನ ತೋಪು ಇದ್ದದ್ದು ಅಂಚೆಟ್ಟಿಯಿಂದಾಚೆ ಕಾಡಿನ ಅಂಚಿನಲ್ಲಿ. ಕನ್ನಡಿಯ ಮುಂದೆ ನಿಂತರೆ ನನಗೂ ನಡುಕ. ಕೂದಲು ಕೊಟ್ಟರೆ ಆ ಹಾಡಿನವರಿಗೂ ನನಗೂ ಇದ್ದ ಒಂದೇ ಸಂಬಂಧ ಕಡಿದುಹೋಗುತ್ತದೆ, ಟ್ರೇ ತುಂಬುವ ಹೆದರುಪುಕ್ಕಲ ಮಾತ್ರ ಉಳಿಯುತ್ತಾನೆ. ಕೊಡದಿದ್ದರೆ ಕೆಲಸ ಹೋದೀತು. ದೇವರನ್ನು ನಂಬುತ್ತೇನೆಯೋ ಇಲ್ಲವೋ ನನಗೆ ಸ್ಪಷ್ಟವಿರಲಿಲ್ಲ, ಆದರೆ ಅವನಿಗೆ ಹೆದರುವುದಕ್ಕೆ ಅಷ್ಟೊಂದು ಸ್ಪಷ್ಟತೆ ಬೇಕಾಗಿರಲಿಲ್ಲ.

ಒಂದು ಸಂಜೆ ಅಮ್ಮ ದೇವರಿಗೆ ದೀಪ ಹಚ್ಚುವುದನ್ನು ನೋಡಿದೆ. ಅವಳು ಯಾವಾಗಲೂ ಮುನೇಶ್ವರನ ಪಟದ ಜೊತೆ ಮನೆಯವರೊಬ್ಬರ ಹತ್ತಿರ ಮಾತಾಡಿದ ಹಾಗೆ ಮಾತಾಡುವಳು: ಸಾರಿಗೆ ಉಪ್ಪು ಜಾಸ್ತಿಯಾದದ್ದು, ನೀರು ಬಾರದ್ದು, ಎಲ್ಲ. ಆ ದಿನ ತಲೆ ತಗ್ಗಿಸಿಕೊಂಡೇ ಬತ್ತಿ ಹಚ್ಚಿ, ತಲೆ ತಗ್ಗಿಸಿಕೊಂಡೇ ಕೈಮುಗಿದು, ಏನೂ ಮಾತಾಡದೆ ಒಳಗೆ ಹೋದಳು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಳೋ. ನನ್ನ ಕೂದಲಿನ ಅವಮಾನ ಮುಚ್ಚಲು ಹೋಗಿ ಅವಳು ತನ್ನ ದೇವರನ್ನೇ ಕಳೆದುಕೊಂಡು ಕೂತಿದ್ದಳು.

"ಭಾನ್ವಾರ ಹೋಗ್ಬರಾಣ ಕಣಮ್ಮ," ಅಂದೆ.

ದೇನ್ಕನಿಕೋಟೆಯಲ್ಲಿ ಬಸ್ಸು ಬದಲಿಸಿ, ಅಂಚೆಟ್ಟಿಯಲ್ಲಿ ಇಳಿದು, ರಾಗಿ ಹೊಲಗಳ ಬದುವಿನ ಮೇಲೆ ಮೂವರೂ ನಡೆದೆವು. ದಾರಿಯುದ್ದಕ್ಕೂ ಗಾಳಿ ನನ್ನ ಕೂದಲನ್ನು ಹಾರಿಸುತ್ತಿತ್ತು. ಅಷ್ಟು ಚೆನ್ನಾಗಿ ಅದು ಯಾವತ್ತೂ ಹಾರಿರಲಿಲ್ಲ. ತೋಪಿನಲ್ಲಿ ಹುಣಸೆಮರದ ಕೆಳಗೆ ಮುನೇಶ್ವರ ಕೂತಿದ್ದ. ಚಿಕ್ಕಂದಿನಿಂದ ನೋಡಿದ್ದೆ, ಆದರೆ ಆ ದಿನವೇ ಸರಿಯಾಗಿ ನೋಡಿದ್ದು. ಅಗಲವಾದ ಕಣ್ಣಿಗೆ ದಪ್ಪ ಕಾಡಿಗೆ, ಕೆಂಪು ತುಟಿ, ಭುಜದ ಮೇಲೆ ಹರಡಿದ ಕರಿಯ ಕೂದಲು, ಮಿಂಚುವ ಬಣ್ಣದ ಬಟ್ಟೆ. ಕೈಯಲ್ಲಿ ಗಿಟಾರಿಲ್ಲ, ಕತ್ತಿಯಿತ್ತು, ಅಷ್ಟೇ. ನನ್ನ ಅಭಿರುಚಿಯನ್ನು ಪ್ರಪಂಚದಲ್ಲಿ ಯಾರಾದರೂ ಅರ್ಥಮಾಡಿಕೊಳ್ಳಬಹುದಾದರೆ ಅವನು ಇವನೇ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಅವನ ಕೂದಲನ್ನು ಯಾರೂ ಕೇಳುವಂತಿರಲಿಲ್ಲ.

ನನ್ನ ತಲೆಗೆ ನೀರು ಹಾಕಿ ಕೂರಿಸಿದ ಮೇಲೆ ಪೂಜಾರಿ ಪದ್ಧತಿಯಂತೆ ಕೇಳಿದ, "ಯಾರು ಹೊತ್ತ ಹರಕೆ? ಏನಂತ ಹೊತ್ತಿದ್ದು? ಸಾಮಿ ಮುಂದೆ ಬಾಯಿಬಿಟ್ಟು ಹೇಳ್ಬೇಕು."

ಇದು ನಮಗೆ ಮರೆತೇಹೋಗಿತ್ತು. ಅಮ್ಮನ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಅಪ್ಪ ಹುಣಸೆಮರದ ಕೊಂಬೆಗಳನ್ನು ಪರೀಕ್ಷಿಸತೊಡಗಿದರು. ಸೆಲ್ವಿ ಅಕ್ಕನಿಗೆ ಹೇಳಿದ ಸುಳ್ಳನ್ನು ಆ ಕಾಡಿಗೆ ಕಣ್ಣಿನ ಎದುರು ಇನ್ನೊಮ್ಮೆ ಹೇಳಲು ಅವಳಿಂದ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು. ನಾನೇ ಬಾಯಿ ತೆರೆದೆ.

"ನಮ್ಮಮ್ಮ ಹೊತ್ತಿಲ್ಲ ಸಾಮಿ. ಕೆಲ್ಸ ನೀನು ಕೊಟ್ಟಿದ್ದೀಯ, ಕೂದ್ಲು ನಾನೇ ಕೊಡ್ತಾ ಇವ್ನಿ. ನಂಗೆ ಇದು ಅಂದ್ರೆ ಬಲು ಇಷ್ಟ. ಅದ್ಕೇ ಕೊಡ್ತಾ ಇವ್ನಿ."

ಪೂಜಾರಿಗೆ ಅಷ್ಟೇ ಸಾಕಾಯಿತು. ಕ್ಷೌರದ ಕತ್ತಿಯ ತಣ್ಣನೆ ಅಲಗು ನೆತ್ತಿಗೆ ತಾಗಿತು. ಕೂದಲು ಮಡಿಲಿಗೆ ಬೀಳುವಾಗ ನಾನು ಅತ್ತೆ, ಸುಳ್ಳೇಕೆ ಹೇಳಲಿ. ತಲೆಯೆತ್ತಿದರೆ ಅಮ್ಮ ಮುನೇಶ್ವರನ ಮುಖವನ್ನೇ ದಿಟ್ಟಿಸುತ್ತ ಅವನಿಗೆ ಏನೇನೋ ಹೇಳಿಕೊಳ್ಳುತ್ತಿದ್ದಳು. ಹೊಲದ ಬದುವಿನ ಮೇಲೆ ನಡೆದು ಬಂದದ್ದರಿಂದ ಹಿಡಿದು ಎಲ್ಲ ಹೇಳಿದಳೆಂದು ಕಾಣುತ್ತದೆ, ಬಹಳ ಹೊತ್ತಾಯಿತು.

ಬೋಳುತಲೆಯಲ್ಲಿ ಮನೆಗೆ ಬಂದು ಹೆದರುತ್ತಲೇ ಕ್ಯಾಸೆಟ್ಟು ಹಾಕಿದೆ. ಹಾಡಿಗೆ ನನ್ನ ಗುರುತು ಸಿಕ್ಕಿತು. ಅದು ಮುಗಿಯುವವರೆಗೂ ನನಗೆ ಯಾವ ಭಯವೂ ಬರಲಿಲ್ಲ. ಇಷ್ಟಕ್ಕೆ ಯಾಕೆ ಅಷ್ಟು ಒದ್ದಾಡಿದೆನೋ.

ಕೂದಲಿಗೆ ಹರಕೆ, ಅಭಿಮಾನ ಎಂಬ ವ್ಯತ್ಯಾಸವಿಲ್ಲ, ಅದು ಮತ್ತೆ ಬೆಳೆಯಿತು. ಕಾಲರ್ ಮುಟ್ಟುವಾಗ ಕತ್ತರಿಸಿಕೋ ಎಂದು ಅಮ್ಮ ಹೇಳಲಿಲ್ಲ, ಬಿಡಲೇ ಎಂದು ನಾನೂ ಕೇಳಲಿಲ್ಲ. ಒಂದು ಬೆಳಗ್ಗೆ ಸೆಲ್ವಿ ಅಕ್ಕನ ದನಿ ಕೇಳಿತು.

"ಏನಕ್ಕಾ, ತಂಬಿ ಮತ್ತೆ ಮುಡಿ ಬಿಟ್ಟವ್ನೆ! ಈ ಸಲ ಯಾವ ಸಾಮಿಗೆ?"

ಒಳಗೆ ನಾನು ಟೇಪು ನಿಲ್ಲಿಸಿದೆ. ಅಮ್ಮ ತಡಮಾಡಿದಳು. ಈ ಸಲ ಏನು ಹೇಳುತ್ತಾಳೆ? ಮದುವೆಗೆ ಹರಕೆ ಎಂದುಬಿಟ್ಟರೆ, ಆ ಕೊಡುಗೈ ದೇವರು ಅದನ್ನೂ ಕೊಟ್ಟುಬಿಟ್ಟರೆ? ನನ್ನ ಅಂಗೈ ಬೆವರಿತು.

"ಯಾವ ಸಾಮಿಗೂ ಇಲ್ಲ ಕಣ್ ಸೆಲ್ವಿ," ಎಂದಳು ಅಮ್ಮ. "ಅದ್ಯಾವ್ದೋ ಹಾಡು ಕೇಳ್ತಾನಲ್ಲ, ಅವ್ರೆಲ್ಲ ಹಿಂಗೇ ಬಿಡ್ತಾರಂತೆ. ನನ್ ಮಗನ್ಗೆ ಇಷ್ಟ. ಬಿಟ್ಕೊಂಡವ್ನೆ."

ಅವಳ ದನಿ ನಡುಗುತ್ತಿತ್ತು. ನನ್ನ ನಡುಕ ಯಾರ ಕಡೆಯಿಂದ ಬಂದದ್ದು ಎಂದು ನನಗೆ ಗೊತ್ತಾದದ್ದು ಆಗ. ನಡುಗಿಕೊಂಡೇ ನಿಜ ಹೇಳಬಹುದು ಎಂದು ಗೊತ್ತಾದದ್ದೂ ಆಗಲೇ. ನಾನು ಟೇಪು ಮತ್ತೆ ಹಾಕಿ, ಕಾಂಪೌಂಡಿನವರೆಗೂ ಕೇಳುವ ಹಾಗೆ ಜೋರು ಮಾಡಿದೆ.